ಕೊನೆ ಗೊತ್ತಿದ್ದೂ ಮತ್ತೆ ಓದೋದು ಯಾಕೆ?

"ಓದಿದ್ದನ್ನೇ ಎಷ್ಟು ಸಲ ಓದ್ತೀಯ ಮಾರಾಯ, ಬೋರ್ ಆಗಲ್ವಾ?"

ಹಳೇ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತವರೆಲ್ಲ ಒಂದಲ್ಲ ಒಂದು ದಿನ ಕೇಳಿಸಿಕೊಂಡ ಮಾತಿದು. ಕೇಳುವವರ ತರ್ಕದಲ್ಲಿ ತಪ್ಪೇನೂ ಇಲ್ಲ. ಓದದ ಪುಸ್ತಕಗಳು ರಾಶಿ ಬಿದ್ದಿವೆ. ಇವತ್ತು ಹಿಡಿದ ಪುಸ್ತಕದ ಕಥೆ ಗೊತ್ತು, ಕೊನೆ ಗೊತ್ತು, ಯಾರು ಸಾಯುತ್ತಾರೆ ಅಂತಲೂ ಗೊತ್ತು. ಮತ್ತೆ ಅದರಲ್ಲೇನಿದೆ?

ತಮಾಷೆ ಅಂದರೆ, ಹೀಗೆ ಕೇಳುವವರೇ ಮಳೆಗಾಲದಲ್ಲಿ ತಾಳಮದ್ದಲೆಗೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂರುತ್ತಾರೆ. ಪ್ರಸಂಗ 'ಕೃಷ್ಣ ಸಂಧಾನ'. ಸಂಧಾನ ಮುರಿದು ಬೀಳುತ್ತದೆ ಅನ್ನುವುದು ಅಲ್ಲಿ ಕಂಬಳಿ ಹೊದ್ದು ಕೂತ ಮಕ್ಕಳಿಗೂ ಗೊತ್ತು. ಕೌರವ ಐದು ಊರನ್ನೂ ಕೊಡುವುದಿಲ್ಲ. ಆದರೂ ಕೃಷ್ಣನ ಪಾತ್ರವಾಗಿ ಮಾತಾಡುವ ಅರ್ಥಧಾರಿ ಮಾತಿಗೆ ಮಾತು ಜೋಡಿಸುತ್ತಾ ಹೋದಾಗ, ಎದುರಿನ ಕೌರವ ಒಂದು ಕ್ಷಣ ತಡೆದಾಗ, ಸಭೆಯೂ ಉಸಿರು ಬಿಗಿ ಹಿಡಿಯುತ್ತದೆ. ಈ ಸಲ ಒಪ್ಪಿಬಿಡುತ್ತಾನೇನೋ ಅನ್ನಿಸುತ್ತದೆ. ಅಲ್ಲಿ ಯಾರೂ "ಗೊತ್ತಿರೋ ಕಥೆ ತಾನೆ" ಅಂತ ಎದ್ದು ಹೋಗುವುದಿಲ್ಲ.

ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಎಚ್. ಆರ್. ಕೇಶವಮೂರ್ತಿ ಅವರಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅದನ್ನು ಬಿಡಿಸಿ ಹೇಳುತ್ತಾರೆ. ಕುಮಾರವ್ಯಾಸನ ಭಾರತ ಬರೆದು ಐನೂರು ವರ್ಷದ ಮೇಲಾಯಿತು. ಅದರ ಕಥೆ ತಿಳಿಯಲಿ ಅಂತ ಗಮಕಕ್ಕೆ ಹೋಗುವವರು ಯಾರೂ ಇಲ್ಲ. ಅಂದರೆ ಗೊತ್ತಿದ್ದದ್ದನ್ನು ಮತ್ತೆ ಸವಿಯುವುದು ನಮ್ಮ ಕಡೆ ಹಳೇ ಅಭ್ಯಾಸವೇ. ಪುಸ್ತಕ ಕೈಗೆ ಬಂದ ಮೇಲೆ, ಅದರಲ್ಲೂ ಕಾದಂಬರಿ ಬಂದ ಮೇಲೆ, 'ಓದಿ ಮುಗಿಸುವುದು' ಅನ್ನುವ ಲೆಕ್ಕ ಶುರುವಾಯಿತು. ಮುಗಿಸಿದ್ದನ್ನು ಮತ್ತೆ ತೆರೆದರೆ ಸುಮ್ನೆ ಟೈಮ್ ವೇಸ್ಟು ಅನ್ನುವ ಮಾತು ಅದರ ಜೊತೆಗೇ ಬಂತು.

ಹಾಗಾದರೆ ಮತ್ತೆ ಓದುವಾಗ ನಿಜವಾಗಿ ಏನು ನಡೆಯುತ್ತದೆ?

ಮೊದಲ ಓದಿನಿಂದಲೇ ಶುರು ಮಾಡೋಣ. ನಮ್ಮ ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ವಿಷಯಕ್ಕೆ ಮಿತಿ ಇದೆ. ಹೊಸ ಕಾದಂಬರಿ ತೆರೆದ ಕೂಡಲೇ ಆ ಜಾಗವೆಲ್ಲ ಭರ್ತಿ. ಯಾರು ಯಾರ ಮಗ, ಯಾವ ಮನೆ ಎಲ್ಲಿದೆ, ಈಗ ಹೇಳಿದ್ದು ಹಿಂದಿನದೋ ಇಂದಿನದೋ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಅದನ್ನು ಮೊದಲ ಸಲ ಓದಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಅಂತ ಮನೆಗಳ ಮೇಲೆ ಮನೆ. ಪ್ರತಿ ಮನೆಗೂ ಗೌಡರು, ಹೆಗ್ಗಡೆಯರು, ಆಳುಕಾಳುಗಳು. ತೀರ್ಥಹಳ್ಳಿ ಸೀಮೆಯವರಿಗೇ ತಲೆ ತಿರುಗುತ್ತದೆ, ಇನ್ನು ಬಯಲುಸೀಮೆಯವರ ಪಾಡು ಕೇಳಬೇಡಿ. ಇದರ ಮೇಲೆ 'ಮುಂದೇನಾಯ್ತು' ಅನ್ನುವ ಚಡಪಡಿಕೆ ಬೇರೆ. ಆಗುಂಬೆ ಘಾಟಿಯಲ್ಲಿ ಮೊದಲ ಸಲ ಗಾಡಿ ಓಡಿಸುವವರಿಗೆ ಹದಿನಾಲ್ಕು ತಿರುವು ಬಿಟ್ಟರೆ ಬೇರೇನೂ ಕಾಣುವುದಿಲ್ಲವಲ್ಲ, ಹಾಗೆ.

ಎರಡನೇ ಸಲ ಈ ಹೊರೆ ಇಳಿಯುತ್ತದೆ. ಮನೆಗಳ ನಕ್ಷೆ ಆಗಲೇ ತಲೆಯಲ್ಲಿದೆ. ಕೊನೆಯ ಬಗ್ಗೆ ಆತಂಕ ಇಲ್ಲ. ಅಲ್ಲಿಗೆ ಖರ್ಚಾಗುತ್ತಿದ್ದ ಗಮನ ಈಗ ಕೈಯಲ್ಲಿ ಉಳಿಯುತ್ತದೆ. ಅದು ವಾಕ್ಯದ ಮೇಲೆ ಹೋಗುತ್ತದೆ, ಮಾತಿನ ಧಾಟಿಯ ಮೇಲೆ ಹೋಗುತ್ತದೆ, ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಪಾತ್ರದ ಮೇಲೆ ಹೋಗುತ್ತದೆ.

ಇದನ್ನು ಸ್ವಲ್ಪ ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಃಶಾಸ್ತ್ರಜ್ಞರು, ಲೀವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್, 2011ರಲ್ಲಿ ಹನ್ನೆರಡು ಸಣ್ಣಕಥೆಗಳನ್ನು ಓದಲು ಕೊಟ್ಟರು. ಕೆಲವರಿಗೆ ಕಥೆಯ ಗುಟ್ಟನ್ನು ಮೊದಲೇ ಹೇಳಿಬಿಟ್ಟರು. ಒಟ್ಟಾರೆ ನೋಡಿದರೆ ಗುಟ್ಟು ಗೊತ್ತಿದ್ದವರೇ ಕಥೆಯನ್ನು ಜಾಸ್ತಿ ಮೆಚ್ಚಿಕೊಂಡಿದ್ದರು. ಪತ್ತೇದಾರಿ ಕಥೆಗಳಲ್ಲೂ ಹಾಗೇ ಆಯಿತು. ಕೊನೆ ಗೊತ್ತಿದ್ದರೆ ಓದು ಹಗುರಾಗುತ್ತದೆ, ಒಳಗಿನದನ್ನು ನೋಡಲು ಪುರುಸೊತ್ತು ಸಿಗುತ್ತದೆ ಅನ್ನುವುದು ಅವರ ಊಹೆ. ಆದರೆ 2015ರಲ್ಲಿ ಬೇರೆಯವರು ಇಂಥದ್ದೇ ಪರೀಕ್ಷೆ ಮಾಡಿದಾಗ ಉಲ್ಟಾ ಬಂತು, ಗುಟ್ಟು ಗೊತ್ತಿಲ್ಲದ ಕಥೆಯೇ ಹೆಚ್ಚು ರುಚಿಸಿತು. ಹಾಗಾಗಿ ಇದೇ ಕೊನೆಯ ಮಾತು ಅಂತ ನಾನು ಹೇಳುವುದಿಲ್ಲ. ಸಿನಿಮಾ ನೋಡದ ಗೆಳೆಯರಿಗೆ ಕ್ಲೈಮ್ಯಾಕ್ಸ್ ಹೇಳಿ ಬೈಸಿಕೊಳ್ಳಲು ಇದನ್ನು ನೆಪ ಮಾಡಿಕೊಳ್ಳಬೇಡಿ. ಕೊನೆ ಗೊತ್ತಾದ ಮಾತ್ರಕ್ಕೆ ಕಥೆ ಸತ್ತೇ ಹೋಗುವುದಿಲ್ಲ ಅನ್ನುವಷ್ಟು ಮಾತ್ರ ಗಟ್ಟಿ.

ಹತ್ತಿರದಿಂದ ನೋಡಲು ತೇಜಸ್ವಿ ಅವರ 'ಕರ್ವಾಲೊ' ತೆಗೆದುಕೊಳ್ಳೋಣ. 1980ರ ಕಾದಂಬರಿ, ಮೂಡಿಗೆರೆ ಸೀಮೆಯದು. ಮೊದಲ ಓದಿನಲ್ಲಿ ನಮ್ಮನ್ನು ಎಳೆದುಕೊಂಡು ಹೋಗುವುದು ಹಾರುವ ಓತಿ. ಅದು ನಿಜಕ್ಕೂ ಇದೆಯಾ, ಸಿಗುತ್ತದಾ? ಇದೊಂದೇ ಪ್ರಶ್ನೆ. ನಡುವೆ ಬರುವ ಮಂದಣ್ಣ, ಬಿರ್ಯಾನಿ ಕರಿಯಪ್ಪ, ಕಿವಿ ನಾಯಿ ಎಲ್ಲ ನಗಿಸಲಿಕ್ಕೆ ಇದ್ದಾರೆ ಅನ್ನಿಸುತ್ತದೆ. ಎಷ್ಟೋ ಜನರಿಗೆ ಕರ್ವಾಲೊ ಅಂದರೆ ಇವತ್ತಿಗೂ ಒಂದು ತಮಾಷೆ ಪುಸ್ತಕ.

ಎರಡನೇ ಸಲ ಓದುವಾಗ ಓತಿ ಕೈಗೆ ಸಿಗುವುದಿಲ್ಲ ಅಂತ ಗೊತ್ತಿದೆ. ಅದು ಕಣ್ಣೆದುರೇ ಪ್ರಪಾತದ ಕಡೆ ತೇಲಿ ಹೋಗುತ್ತದೆ. ಇಷ್ಟು ಗೊತ್ತಾದ ಮೇಲೆ ಇಡೀ ಪುಸ್ತಕದ ತೂಕವೇ ಜಾಗ ಬದಲಿಸುತ್ತದೆ. ಈಗ ಮಂದಣ್ಣನನ್ನು ನೋಡಿ. ಊರಿನ ಲೆಕ್ಕದಲ್ಲಿ ಅವನು ದಂಡಪಿಂಡ. ಮದುವೆ ಆದರೆ ಸಾಕು ಅಂತ ಒದ್ದಾಡುವವನು. ಆದರೆ ಕಾಡಿನಲ್ಲಿ ಬೇರೆಯವರಿಗೆ ಕಾಣದ್ದು ಅವನಿಗೆ ಕಾಣುತ್ತದೆ. ಅವನ ಈ ಕಣ್ಣಿನ ಬೆಲೆ ಗೊತ್ತಿರುವುದು ವಿಜ್ಞಾನಿ ಕರ್ವಾಲೊ ಒಬ್ಬರಿಗೆ. ಕಥೆ ಹೇಳುತ್ತಿರುವವನಿಗೇ ಅದು ಗೊತ್ತಿಲ್ಲ, ಅವನೂ ಊರಿನವರ ಹಾಗೆ ಮಂದಣ್ಣನನ್ನು ಹಗುರ ಮಾಡಿ ನೋಡುತ್ತಾ ಬರುತ್ತಾನೆ. ಮೊದಲ ಓದಿನಲ್ಲಿ ನಾವು ನಿರೂಪಕನ ಹೆಗಲ ಮೇಲೆ ಕೂತು ನೋಡುತ್ತೇವೆ, ಅವನು ನಕ್ಕರೆ ನಾವೂ ನಗುತ್ತೇವೆ. ಎರಡನೇ ಸಲ ನಿರೂಪಕನನ್ನೇ ಸ್ವಲ್ಪ ದೂರದಿಂದ ನೋಡುತ್ತೇವೆ. ಅದೇ ಮಾತು, ಅದೇ ಜೋಕು. ನಗು ಈಗಲೂ ಬರುತ್ತದೆ, ಆದರೆ ಯಾರನ್ನು ನೋಡಿ ನಗುತ್ತಿದ್ದೇವೆ ಅನ್ನುವುದು ಬದಲಾಗಿರುತ್ತದೆ. ತೇಜಸ್ವಿ ಒಂದಕ್ಷರವನ್ನೂ ಮುಚ್ಚಿಟ್ಟಿರಲಿಲ್ಲ. ನಾವು ಓತಿಯ ಹಿಂದೆ ಓಡುತ್ತಿದ್ದೆವು, ಅಷ್ಟೆ.

ಒಂದು ಪ್ರಶ್ನೆ ಉಳಿಯುತ್ತದೆ. ಎರಡನೇ ಸಲಕ್ಕೆ ಇದು ಸರಿ. ಐದನೇ, ಆರನೇ ಸಲ? ಆಗಲಾದರೂ ಪುಸ್ತಕ ಹಳಸಬೇಕಲ್ವಾ?

ಇಲ್ಲಿ ನಮ್ಮ ನೆನಪಿನ ಸ್ವಭಾವ ಉಪಕಾರಕ್ಕೆ ಬರುತ್ತದೆ. ನೆನಪು ಓದಿದ್ದನ್ನು ಹಾಗ್‌ಹಾಗೇ ಇಟ್ಟುಕೊಳ್ಳುವುದಿಲ್ಲ. ತಿರುಳನ್ನಿಟ್ಟುಕೊಂಡು ವಾಕ್ಯಗಳನ್ನು ಬಿಟ್ಟುಬಿಡುತ್ತದೆ. ಬ್ರಿಟನ್ನಿನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ತೋರಿಸಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಆಮೇಲೆ ಬಿಟ್ಟು ಬಿಟ್ಟು ನೆನಪಿನಿಂದ ಹೇಳಿಸಿದರು. ಕಥೆ ಸಣ್ಣದಾಗುತ್ತಾ ಹೋಯಿತು. ವಿಚಿತ್ರ ಅನ್ನಿಸಿದ ಭಾಗಗಳು ಉದುರಿದವು. ಗೊತ್ತಿಲ್ಲದ ವಸ್ತುಗಳ ಜಾಗಕ್ಕೆ ತಮಗೆ ಗೊತ್ತಿರುವ ವಸ್ತುಗಳು ಬಂದು ಕೂತವು. ಹೇಳುವವರಿಗೆ ಮಾತ್ರ ಸರಿಯಾಗಿಯೇ ಹೇಳುತ್ತಿದ್ದೇವೆ ಅನ್ನುವ ನಂಬಿಕೆ.

ನಮ್ಮ ಮೆಚ್ಚಿನ ಪುಸ್ತಕದ ಗತಿಯೂ ಇದೇ. "ನನಗೆ ಆ ಕಾದಂಬರಿ ಪೂರ್ತಿ ಗೊತ್ತು" ಅನ್ನುವಾಗ ಗೊತ್ತಿರುವುದು ನಾವೇ ಮಾಡಿಕೊಂಡ ಸಾರಾಂಶ. ಪುಸ್ತಕ ತೆರೆದರೆ ಅಲ್ಲಿರುವುದು ಸಾರಾಂಶ ಅಲ್ಲ, ಒಂದೊಂದೇ ವಾಕ್ಯ. ಅದರಲ್ಲಿ ಮುಕ್ಕಾಲು ಪಾಲು ನಮಗೆ ನೆನಪೇ ಇರುವುದಿಲ್ಲ. "ಅರೆ, ಇದು ಇಲ್ಲಿತ್ತಾ?" ಅನ್ನುವ ಖುಷಿ ಅದರಿಂದಲೇ. ಎಷ್ಟೋ ಸಲ ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದ ಒಂದು ದೃಶ್ಯ ಪುಸ್ತಕದಲ್ಲಿ ಇರುವುದೇ ಇಲ್ಲ. ಅಲ್ಲಿ ಎರಡು ಸಾಲು ಮಾತ್ರ ಇರುತ್ತದೆ, ಉಳಿದದ್ದನ್ನು ನಮ್ಮ ತಲೆ ಕಟ್ಟಿರುತ್ತದೆ.

ಸಂಸ್ಕೃತ ಕವಿ ಮಾಘ 'ಶಿಶುಪಾಲವಧ'ದಲ್ಲಿ ಇದರ ಹತ್ತಿರದ ಮಾತೊಂದನ್ನು ಹೇಳುತ್ತಾನೆ. ರೈವತಕ ಬೆಟ್ಟವನ್ನು ಕೃಷ್ಣ ಎಷ್ಟೋ ಸಲ ನೋಡಿದ್ದಾನೆ. ಆದರೂ ಅದು ಮೊದಲ ಸಲ ಕಂಡ ಹಾಗೇ ಬೆರಗು ಹುಟ್ಟಿಸುತ್ತದೆ. ಗಳಿಗೆಗಳಿಗೆಗೂ ಹೊಸದಾಗುವುದೇ ಚೆಲುವಿನ ಲಕ್ಷಣ ಅನ್ನುತ್ತಾನೆ ಕವಿ. ಹೊಸನಗರದ ಕಡೆಯವರಿಗೆ ಇದಕ್ಕೆ ಟೀಕೆ ಬೇಕಾಗಿಲ್ಲ. ಕೊಡಚಾದ್ರಿ ಆಷಾಢದಲ್ಲಿ ಇದ್ದಲ್ಲೇ ಮಾಯ, ಕಾರ್ತಿಕದಲ್ಲಿ ಕೈಗೆಟುಕುವಷ್ಟು ಹತ್ತಿರ.

ಕೊನೆ ಗೊತ್ತಿರುವುದರಿಂದ ಇನ್ನೊಂದು ಕೆಲಸವೂ ಆಗುತ್ತದೆ. ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಮದುಮಗಳು ಕಾದಂಬರಿಯ ಶುರುವಿನಲ್ಲೇ ಗುತ್ತಿ ಮತ್ತು ಅವನ ನಾಯಿ ಹುಲಿಯ ಬರುತ್ತಾರೆ. ಮೊದಲ ಓದಿಗೆ ಹುಲಿಯ ಒಂದು ನಾಯಿ. ದೊಡ್ಡ ನಾಯಿ, ಒಳ್ಳೇ ನಾಯಿ, ಗುತ್ತಿಗೆ 'ನಾಯಿಗುತ್ತಿ' ಅನ್ನುವ ಹೆಸರು ತಂದುಕೊಟ್ಟ ನಾಯಿ. ಪುಟ ತಿರುಗಿಸಿ ಮುಂದೆ ಹೋಗುತ್ತೇವೆ. ಓದದೇ ಇರುವವರು ಮುಂದಿನ ಸಾಲು ಬಿಟ್ಟುಬಿಡಿ. ಕಾದಂಬರಿಯ ಕೊನೆಗೆ ನೆರೆ ಬಂದ ತುಂಗೆ ಹುಲಿಯನನ್ನು ಎಳೆದುಕೊಂಡು ಹೋಗುತ್ತದೆ. ಇದು ಗೊತ್ತಿದ್ದು ಮತ್ತೆ ಮೊದಲ ಪುಟಕ್ಕೆ ಬಂದರೆ, ಹುಲಿಯ ಸುಮ್ಮನೆ ಬಾಲ ಅಲ್ಲಾಡಿಸಿದರೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಬರೆದವರು ಅಲ್ಲಿ ದುಃಖದ ಒಂದು ಪದವನ್ನೂ ಇಟ್ಟಿಲ್ಲ. ಆ ದುಃಖ ನಾವು ಕೊನೆಯ ಪುಟದಿಂದ ಹೊತ್ತು ತಂದದ್ದು. ಮೊದಲ ಓದಿನಲ್ಲಿ ಕಥೆ ಒಂದೇ ದಿಕ್ಕಿಗೆ ಹರಿಯುತ್ತದೆ. ಮತ್ತೆ ಓದುವಾಗ ಕೊನೆಯಿಂದಲೂ ಹಿಂದಕ್ಕೆ ಹರಿಯಲು ಶುರುಮಾಡುತ್ತದೆ.

ಹಾಗಂತ ಆತಂಕ ಪೂರ್ತಿ ಹೋಗುವುದೂ ಇಲ್ಲ. ಅದೇ ವಿಚಿತ್ರ. ಏನಾಗುತ್ತದೆ ಅಂತ ಗೊತ್ತಿದ್ದೂ ಏನಾಗುತ್ತದೋ ಅಂತ ಎದೆ ಹೊಡೆದುಕೊಳ್ಳುವುದನ್ನು ಮನಃಶಾಸ್ತ್ರಜ್ಞ ರಿಚರ್ಡ್ ಗೆರಿಗ್ 1980ರ ದಶಕದ ಕೊನೆಯಲ್ಲಿ ಪರೀಕ್ಷೆಗೆ ಒಡ್ಡಿದರು. ಎಲ್ಲರಿಗೂ ಗೊತ್ತಿರುವ ಚರಿತ್ರೆಯ ಸಂಗತಿಯನ್ನೇ ಅನುಮಾನ ಹುಟ್ಟುವ ಹಾಗೆ ಕಥೆ ಮಾಡಿ ಕೊಟ್ಟರೆ, ಓದುಗರು ಆ ಗೊತ್ತಿರುವ ಸಂಗತಿಯನ್ನು 'ಹೌದು, ನಿಜ' ಅನ್ನಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಕಥೆಯೊಳಗೆ ಇಳಿದಾಗ ನಮ್ಮ ತಿಳಿವಳಿಕೆ ಎಲ್ಲೂ ಹೋಗುವುದಿಲ್ಲ. ಆದರೆ ಸ್ವಲ್ಪ ಹೊತ್ತು ಜಗಲಿಯಲ್ಲೇ ಕೂತಿರುತ್ತದೆ, ಒಳಗೆ ಬರುವುದಿಲ್ಲ. ತಾಳಮದ್ದಲೆಯ ಸಭೆ ಉಸಿರು ಬಿಗಿ ಹಿಡಿದದ್ದೂ ಇದಕ್ಕೇ.

ಪುಸ್ತಕಕ್ಕೂ ತಾಳಮದ್ದಲೆಗೂ ಒಂದು ವ್ಯತ್ಯಾಸ ಇದೆ. ಅರ್ಥಧಾರಿ ಇವತ್ತು ಆಡಿದ ಮಾತನ್ನು ನಾಳೆ ಆಡುವುದಿಲ್ಲ. ಅಲ್ಲಿ ಹೊಸತನ ಅವರ ನಾಲಗೆಯ ಮೇಲಿದೆ. ಪುಸ್ತಕ ಮಾತ್ರ ಒಂದು ಅಲ್ಪವಿರಾಮವನ್ನೂ ಬದಲಿಸಿಕೊಳ್ಳುವುದಿಲ್ಲ. ಹಾಗಾಗಿ ಹತ್ತು ವರ್ಷ ಬಿಟ್ಟು ಓದಿದಾಗ ಏನಾದರೂ ಬೇರೆಯಾಗಿ ಕಂಡರೆ ಬದಲಾದದ್ದು ಯಾರು ಅಂತ ಗೊತ್ತಾಗಿಬಿಡುತ್ತದೆ.

'ಕಾನೂರು ಹೆಗ್ಗಡಿತಿ' 1936ರದ್ದು. ಕಾಲೇಜು ವಯಸ್ಸಿನಲ್ಲಿ ಓದಿದವರೆಲ್ಲ ಹೂವಯ್ಯನ ಪಕ್ಷ. ಓದಿದ ಹುಡುಗ, ಆದರ್ಶ ಇದೆ, ಚಂದ್ರಯ್ಯಗೌಡರ ದರ್ಬಾರಿಗೆ ಎದುರು ನಿಲ್ಲುತ್ತಾನೆ. ಆ ವಯಸ್ಸಿಗೆ ಇನ್ನೇನು ಬೇಕು? ನಲವತ್ತು ದಾಟಿದ ಮೇಲೆ ಓದಿದರೆ ಕಣ್ಣು ಸುಬ್ಬಮ್ಮನ ಕಡೆ ಹೋಗುತ್ತದೆ. ನೆಲ್ಲುಹಳ್ಳಿಯ ಬಡವರ ಮನೆ ಹುಡುಗಿ, ವಯಸ್ಸಾದ ಗೌಡರಿಗೆ ಮೂರನೇ ಹೆಂಡತಿಯಾಗಿ ಬಂದವಳು. ಪುಸ್ತಕದ ಹೆಸರಿನಲ್ಲಿರುವ ಹೆಗ್ಗಡಿತಿ ಅವಳೇ. ಆದರೂ ಮೊದಲ ಓದಿನಲ್ಲಿ ಅವಳನ್ನು ದಾಟಿಕೊಂಡು ಹೂವಯ್ಯನ ಹತ್ತಿರ ಹೋಗಿಬಿಟ್ಟಿರುತ್ತೇವೆ. ಇನ್ನೂ ವಯಸ್ಸಾದ ಮೇಲೆ ಚಂದ್ರಯ್ಯಗೌಡರೂ ಸ್ವಲ್ಪ ಅರ್ಥವಾಗುತ್ತಾರೇನೋ. ನನಗಿನ್ನೂ ಆ ಹಂತ ಬಂದಿಲ್ಲ, ಬರುವುದೂ ಬೇಡ.

ಗ್ರಾಹಕರ ನಡವಳಿಕೆಯ ಸಂಶೋಧಕರಾದ ಕ್ರಿಸ್ಟೆಲ್ ರಸೆಲ್ ಮತ್ತು ಸಿಡ್ನಿ ಲೆವಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಓದಿದ ಪುಸ್ತಕವನ್ನೇ ಓದುವವರು, ನೋಡಿದ ಸಿನಿಮಾವನ್ನೇ ನೋಡುವವರು, ಹೋದ ಊರಿಗೇ ಹೋಗುವವರನ್ನು ಕೂರಿಸಿಕೊಂಡು ಮಾತಾಡಿಸಿದ್ದರು. ಜನ ಹಳೆಯದಕ್ಕೆ ಮರಳುವುದು ಬರೀ ಹಳೇ ನೆನಪಿನ ಆಸೆಗಲ್ಲ, ತಾವು ಎಷ್ಟು ಬದಲಾಗಿದ್ದೇವೆ ಅಂತ ಅಳೆದುಕೊಳ್ಳಲಿಕ್ಕೂ ಹೌದು ಅನ್ನುವುದು ಅವರು ಕಂಡುಕೊಂಡದ್ದು. ಮೆಚ್ಚಿನ ಪುಸ್ತಕ ಯಾವುದು ಅಂತ ಕೇಳಿದರೆ ಹೆಚ್ಚಿನವರು ಹರೆಯದಲ್ಲಿ ಓದಿದ್ದನ್ನೇ ಹೇಳುತ್ತಾರೆ ಅನ್ನುವುದೂ ಗೊತ್ತಿರುವ ವಿಷಯ. ಆ ವಯಸ್ಸಿನ ನೆನಪುಗಳಿಗೆ ಅಂಟು ಜಾಸ್ತಿ.

ಪುಸ್ತಕದ ಮೈಗೂ ನೆನಪು ಅಂಟುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಕೈಗೆತ್ತಿಕೊಂಡ ಪುಸ್ತಕವಾದರೆ ಪುಟದ ಅಂಚಿನಲ್ಲಿ ಚೊಗರಿನ ಹೆಬ್ಬೆಟ್ಟು ಇರುತ್ತದೆ. ಎಷ್ಟು ತಿಕ್ಕಿದರೂ ಹೋಗದ ಕಂದು ಕಲೆ. ಮಳೆಗಾಲದ ಬೂಷ್ಟಿನ ವಾಸನೆ, ಒಳಗೆ ಮರೆತ ಬಸ್ ಟಿಕೆಟ್, ಲೈಬ್ರರಿ ಪುಸ್ತಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಹಾಕಿದ 'ಸುಳ್ಳು!' ಅನ್ನುವ ಷರಾ. ಮೊದಲು ಓದಿದಾಗಿನ ವಾಸನೆ, ಬಣ್ಣ, ಜಾಗ ಮತ್ತೆ ಸಿಕ್ಕಿದರೆ ಆಗಿನ ನೆನಪು ಸುಲಭವಾಗಿ ಮೇಲೆ ಬರುತ್ತದೆ. ಹೊಸ ಮುದ್ರಣ ಕೊಂಡರೂ ಹಳೇ ಪ್ರತಿಯನ್ನು ಕೊಡಲು ಮನಸ್ಸು ಬಾರದೇ ಇರುವುದು ಬರೀ ಜಿಪುಣತನ ಅಲ್ಲ.

ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜಿ ಹೇಳಿದ ಕಥೆಯನ್ನೇ "ಇನ್ನೊಂದ್ಸಲ" ಅನ್ನುತ್ತವೆ. ನಿದ್ದೆ ಬಂದ ಅಜ್ಜಿ ನಡುವೆ ಒಂದು ತುಂಡು ಹಾರಿಸಿದರೆ ಹಿಡಿದೇ ಹಿಡಿಯುತ್ತವೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಬೇರೆ ಬೇರೆ ಕಥೆ ಕೇಳಿದವರಿಗಿಂತ ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದವರು ಹೊಸ ಪದಗಳನ್ನು ಚೆನ್ನಾಗಿ ಕಲಿತಿದ್ದರು. ಎರಡೂ ಗುಂಪಿನವರ ಕಿವಿಗೆ ಆ ಪದಗಳು ಬಿದ್ದದ್ದು ಅಷ್ಟೇ ಸಲ.

ಆದರೆ ಪಿಯುಸಿ ಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಮಾತು. ಪಠ್ಯಪುಸ್ತಕಕ್ಕೆ ಈ ನ್ಯಾಯ ನಡೆಯುವುದಿಲ್ಲ. ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ ಹಾಗೆ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೆ ಮುಂದಿದ್ದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡವರು. ಮತ್ತೆ ಓದಿದಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ. ಪರಿಚಿತ ಅನ್ನಿಸಿದ್ದನ್ನೇ ಬರುತ್ತದೆ ಅಂದುಕೊಂಡು ಬಿಡುತ್ತೇವೆ. ಕಾದಂಬರಿಯಲ್ಲಿ ಖುಷಿ ಕೊಡುವ ಅದೇ ಪರಿಚಯ ಪರೀಕ್ಷೆಯಲ್ಲಿ ಕೈ ಕೊಡುತ್ತದೆ.

ಪರಿಚಯಕ್ಕೆ ತನ್ನದೇ ಸುಖವೂ ಇದೆ ಅನ್ನಿ. ಪದೇ ಪದೇ ಕಣ್ಣಿಗೆ ಬಿದ್ದದ್ದು ಬರೀ ಅದೇ ಕಾರಣಕ್ಕೆ ಇಷ್ಟವಾಗುತ್ತಾ ಹೋಗುತ್ತದೆ ಅಂತ ಮನಃಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲೇ ಹೇಳಿದ್ದರು. ಜ್ವರ ಬಂದು ಮಲಗಿದಾಗ, ಮನೆಯಲ್ಲಿ ಏನೋ ಸರಿಯಿಲ್ಲದಾಗ, ಹೊಸ ಪುಸ್ತಕ ಯಾರಿಗೆ ಬೇಕು? ಮುಂದಿನ ಪುಟದಲ್ಲಿ ಏನಿದೆ ಅಂತ ಗೊತ್ತಿರುವುದೇ ಆಗ ದೊಡ್ಡ ಸಮಾಧಾನ. ಇದನ್ನು ಸೋಮಾರಿತನ ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಎಲ್ಲ ಪುಸ್ತಕವೂ ಮರು ಓದಿಗೆ ನಿಲ್ಲುತ್ತದೆ ಅಂತಲ್ಲ. ಒಂದೇ ತಿರುವಿನ ಮೇಲೆ ನಿಂತ ಕಥೆ ಆ ತಿರುವು ಗೊತ್ತಾದ ಮೇಲೆ ಬರೀ ಚೌಕಟ್ಟು. ಅದರಲ್ಲೂ ಒಳ್ಳೇ ಪತ್ತೇದಾರಿಯಾದರೆ, ಸುಳಿವನ್ನು ಎಲ್ಲಿ ನಮ್ಮ ಕಣ್ಣೆದುರೇ ಇಟ್ಟು ಯಾವ ಮಾತಿನಿಂದ ಮರೆ ಮಾಡಿದ್ದಾರೆ ಅಂತ ನೋಡುವ ಮಜಾ ಒಂದು ಸಲಕ್ಕೆ ಸಿಗುತ್ತದೆ. ಹದಿನಾರರಲ್ಲಿ ಕಣ್ಣೀರು ಹಾಕಿಸಿದ ಪುಸ್ತಕ ಈಗ ಮುಜುಗರ ತಂದರೆ ಪಕ್ಕಕ್ಕಿಡಿ, ಅದರ ಕೆಲಸ ಆಗಲೇ ಮುಗಿದಿತ್ತು. ಮುಗಿಸಿದ ಕೂಡಲೇ ಮತ್ತೆ ಶುರು ಮಾಡುವುದೂ ಬೇಡ. ವಾಕ್ಯಗಳು ಮರೆಯಲಿಕ್ಕೆ ಸ್ವಲ್ಪ ಕಾಲ ಬೇಕು. ಎರಡು ಮೂರು ಮಳೆಗಾಲ ಕಳೆದರೆ ಒಳ್ಳೆಯದು.

ಓದುವ ರೀತಿಗೆ ಕುವೆಂಪು ಅವರೇ ದಾರಿ ತೋರಿಸಿದ್ದಾರೆ. 'ಕಾನೂರು ಹೆಗ್ಗಡಿತಿ'ಯ ಮುನ್ನುಡಿಯಲ್ಲಿ ಅವರು ಕಾದಂಬರಿಯನ್ನು ಕರತಲ ರಂಗಭೂಮಿ ಅನ್ನುತ್ತಾರೆ. ಅಂಗೈ ಮೇಲಿನ ನಾಟಕಶಾಲೆ. ಆ ನಾಟಕಕ್ಕೆ ಟಿಕೆಟ್ ಒಂದೇ ಸಲ ಕೊಂಡರಾಯಿತು. ಮೊದಲಿನಿಂದ ಕೊನೆಯವರೆಗೆ ಕೂರಬೇಕು ಅಂತಲೂ ಇಲ್ಲ. ಬೇಕಾದ ಅಧ್ಯಾಯ ತೆಗೆದು, ಮನೆಯಲ್ಲಿ ಯಾರೂ ಇಲ್ಲದಾಗ ದೊಡ್ಡ ದನಿಯಲ್ಲಿ ಓದಿ ನೋಡಿ. ಮಲೆನಾಡಿನ ಮಾತುಕತೆ ಇರುವ ಭಾಗಗಳಾದರೆ ಇನ್ನೂ ಒಳ್ಳೆಯದು, ಕಣ್ಣಿಗಿಂತ ಕಿವಿಗೆ ಅವು ಬೇಗ ಸಿಗುತ್ತವೆ. ಕರ್ವಾಲೊ ತೆಗೆದಾಗ ನಾನು ಕಾಡಿನ ಯಾತ್ರೆಯನ್ನು ಬಿಟ್ಟು ಮಂದಣ್ಣ ಬಾಯಿ ಬಿಡುವ ಪುಟಗಳಿಗೇ ನೇರ ಹೋಗುತ್ತೇನೆ.